ಮೇಲಿನವರ ನೀರು

ಮೊದಲು ಅದು ಚಹಾ ಲೋಟ ಇಟ್ಟೆತ್ತಿದ ಗುರುತಿನಷ್ಟಿತ್ತು,
ಡಿಸೆಂಬರ್ ಇಪ್ಪತ್ತೊಂದು,
ಕೋಟು ತೂಗುಹಾಕುವ ಗೂಟದ ನೆತ್ತಿಗೆ ಸರಿಯಾಗಿ.
ಓಸ್ತ್ರಾವಾದ ಈ ತುದಿಯಿಂದ ಆ ತುದಿಗೆ
ರಾತ್ರಿಯಿಡೀ ಟ್ರ್ಯಾಮು ಓಡಿಸಿ ಬಂದವಳು
ಕಣ್ಣಿನ ಮೇಲೆ ತಪ್ಪು ಹೊರಿಸಿ ಮಲಗಿದೆ.

ಮರುದಿನ ಅದಕ್ಕೊಂದು ಬಾಲ.
ಅದರ ಮರುದಿನ ತೊಟ್ಟು.

ಸ್ಟೂಲು ಹತ್ತಿ ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದು
ತಾರೀಕು ಬರೆದೆ. ಸಾಕ್ಷಿ ಬೇಕಲ್ಲ.
ಕಾರ್ಖಾನೆಯಲ್ಲಿ ಎರಕ ಹೊಯ್ದು ತಂದು ನಿಲ್ಲಿಸಿದ ಮನೆಗಳು ಇವು,
ಮೇಲೆ ಸೀನಿದರೆ ಕೆಳಗಿನವರು ‘ನೂರು ವರ್ಷ’ ಅನ್ನಬೇಕು.

ಹಬ್ಬದ ರಾತ್ರಿಯೂ ನನ್ನದೇ ಪಾಳಿ.
ಖಾಲಿ ಟ್ರ್ಯಾಮಿನಲ್ಲಿ ನಾನು, ಒಬ್ಬ ಕುಡುಕ,
ಅವನ ಮಡಿಲಲ್ಲಿ ಆಲೂಗಡ್ಡೆ ಸಲಾಡಿನ ಡಬ್ಬಿ.
ಮನೆಗೆ ಬಂದು ಬಕೆಟ್ಟಿನ ತಳಕ್ಕೆ ಹಳೆ ಟವೆಲು ಹಾಸಿದೆ
ಸದ್ದು ಸಾಯಲಿ ಅಂತ.
ಸದ್ದು ಸತ್ತಿತು. ನಿದ್ದೆ ಬರಲಿಲ್ಲ.

ಇಪ್ಪತ್ತೆಂಟಕ್ಕೆ ಮೆಟ್ಟಿಲು ಹತ್ತಿದೆ.
ವ್ಲಾಸ್ತಾ ಬಾಗಿಲನ್ನು ಸರಪಳಿ ಬಿಟ್ಟಷ್ಟೇ ತೆರೆದಳು.
‘ಬಿಸಿನೀರಿನ ಬಿಲ್ಲು ನೋಡಿದ್ದೀಯಾ? ತೊಟ್ಟಿ ಯಾರು ತುಂಬಿಸುತ್ತಾರೆ?
ಷವರು. ಮೂರೇ ನಿಮಿಷ.’
ಹನ್ನೊಂದು ವರ್ಷ ಆ ಮೂರು ನಿಮಿಷ ಕೇಳಿದ ಕಿವಿ ನನ್ನದು.
ಒಂದು ವಾರದಿಂದ ಷವರು ಉಸಿರೆತ್ತಿಲ್ಲ.
ಅವಳ ಕಾಲಿನ ಹಿಂದೆ ಮಗಳು ಎಲಿಷ್ಕಾ,
ತೋಳೆರಡೂ ಮೊಣಕೈತನಕ ಒದ್ದೆ,
ಪೊಲೀಸರನ್ನು ನೋಡುವ ಹಾಗೆ ನನ್ನನ್ನು ನೋಡಿದಳು.

ವಸತಿ ಸಂಘದ ಗುಮಾಸ್ತ ಅರ್ಜಿ ಕೊಡಿ ಅಂದ,
ಮೂರು ಪ್ರತಿ, ಎರಡನೆಯ ಮಂಗಳವಾರ.

ಜನವರಿ ಆರು. ಗಾರೆ ಹಪ್ಪಳದಂತೆ ಎದ್ದು
ನನ್ನ ಸೂಪಿನ ತಟ್ಟೆಗೇ ಬಿತ್ತು.
ಆ ಹಪ್ಪಳವನ್ನೇ ಅಂಗೈಯಲ್ಲಿ ಹಿಡಿದು ಹೋದೆ.
ಬಾಗಿಲು ತೆಗೆದವಳು ಮಗು. ಸರಪಳಿ ಅವಳಿಗೆ ಎಟುಕದು.

ತೊಟ್ಟಿ ಕಂಠಮಟ್ಟ.
ಅದರೊಳಗೆ ಮೊಳದುದ್ದದ ಕಾರ್ಪು,
ಹಬ್ಬಕ್ಕೆಂದು ಬೀದಿ ಅಂಗಡಿಯ ನೀಲಿ ಡ್ರಮ್ಮಿನಿಂದ ತಂದದ್ದು,
ಎರಡು ವಾರ ತಡವಾಗಿ ಬದುಕಿತ್ತು.

‘ಹೆಸರಿಟ್ಟುಬಿಟ್ಟಳು,’ ವ್ಲಾಸ್ತಾ ಗೋಡೆಗೆ ಒರಗಿದಳು.
‘ಹೆಸರಿಟ್ಟ ಮೇಲೆ ಚಾಕು ಹಿಡಿಯುವುದು ಹೇಗೆ?
ಹಬ್ಬಕ್ಕೆ ಆಮ್ಲೆಟ್ಟು ತಿಂದೆವು. ಸ್ನಾನಕ್ಕೆ ಅಕ್ಕನ ಮನೆ.’
ಏನು ಹೆಸರು ಅಂತ ಕೇಳಬಾರದಿತ್ತು.
ಬೊಹೂಷ್. ನನ್ನ ಮೊದಲ ಗಂಡನದೂ ಅದೇ.
ನೋಡಿದೆ: ಬಾಯಿಯೂ ಅದೇ,
ತೆರೆಯುವುದು, ಮುಚ್ಚುವುದು, ಮಾತಿಲ್ಲ.

ನಲ್ಲಿ ರಿಪೇರಿಯ ಕ್ವೆತೊಸ್ಲಾವ್ ಬಂದು ಬೆರಳು ತೂರಿಸಿದ.
‘ಮೇಲ್ತೂತಿನ ರಬ್ಬರು ಹರಿದಿದೆ. ಷವರಿಗೆ ತೊಂದರೆಯಿಲ್ಲ,
ತೊಟ್ಟಿ ತುಂಬಿದರೆ ಮಾತ್ರ ಸೋರುತ್ತೆ. ಎರಡು ದಿನ ಖಾಲಿ ಇರಬೇಕು.’
ಎಲ್ಲರೂ ಮೀನನ್ನು ನೋಡಿದರು.
ಆಮೇಲೆ ನನ್ನನ್ನು.

ನಾನು ಬೈಯಲು ಹೋದವಳು, ಮರೆಯಬೇಡಿ.

ಬಟ್ಟೆ ನೆನೆಹಾಕುವ ಟಬ್ಬಿನ ಒಂದು ಹಿಡಿ ಅವಳಿಗೆ, ಒಂದು ನನಗೆ.
ಎಲಿಷ್ಕಾ ಮುಂದೆ ಮುಂದೆ ದೀಪ ಹಾಕುತ್ತ
‘ನಿಧಾನ, ನಿಧಾನ’ ಎಂದು
ಹದಿನಾರು ಮೆಟ್ಟಿಲು.

ಈಗ ಮಧ್ಯಾಹ್ನ ಎರಡು. ಪಾಳಿಗೆ ಮುಂಚೆ ನಿದ್ದೆ ಮಾಡಬೇಕು.
ಸೂರಿನ ಕಲೆ ಅಂಚಿನಿಂದ ಒಣಗುತ್ತ
ನನ್ನ ಪೆನ್ಸಿಲು ಗೆರೆಗಳನ್ನು ಒಂದೊಂದೇ ಬಿಟ್ಟುಕೊಡುತ್ತಿದೆ.
ನನ್ನ ತೊಟ್ಟಿಯಲ್ಲಿ ಬೊಹೂಷ್ ಹೊರಳುತ್ತಾನೆ, ಸಳಕ್.
ತೊಟ್ಟಿಯೂ ಅದೇ ಕಾರ್ಖಾನೆಯದು, ಅದೇ ವರ್ಷದ್ದು,
ರಬ್ಬರಿನ ವಿಚಾರ ನನಗೆ ಹೊಳೆದದ್ದು ಈಗ.

ಕೆಳಗಿನ ಮನೆ ಹಾವ್ರಾನೆಕರದು.
ಮೂವತ್ತು ವರ್ಷ ಕಲ್ಲಿದ್ದಲ ಗಣಿಯಲ್ಲಿದ್ದ ಮನುಷ್ಯ;
ತಲೆಯ ಮೇಲೆ ನೀರು ತೊಟ್ಟಿಕ್ಕಿದರೆ
ಏನು ಮಾಡಬೇಕೆಂದು ಅವರಿಗೆ ಯಾರೂ ಕಲಿಸಬೇಕಿಲ್ಲ.

ಮೆಟ್ಟಿಲ ಮೇಲೆ ಚಪ್ಪಲಿ.
ಎಂಟು. ಒಂಬತ್ತು.
ನಾನು ಮೊಣಕೈತನಕ ಒದ್ದೆ ತೋಳನ್ನು
ಲಂಗಕ್ಕೆ ಒರೆಸಿಕೊಂಡು
ಮೆಲ್ಲಗೆ ಸರಪಳಿ ಸಿಕ್ಕಿಸುತ್ತೇನೆ.